ನೊರೆ ಬಂದ ಸೀಸೆ, ಬಾರದ ಸೀಸೆ

"ಅಲ್ಲಾಡಿಸಬೇಡಿ," ಅಂದರು ಪ್ರೊಫೆಸರ್.

ಇನ್ಸ್‌ಪೆಕ್ಟರಮ್ಮ ಹೆಬ್ಬೆರಳಿನಷ್ಟು ಉದ್ದದ ಸೀಸೆಯೊಂದನ್ನು ಆಸ್ಪತ್ರೆಯ ಔಷಧಿ ಕೋಣೆಯ ಕಿಟಕಿ ಬೆಳಕಿಗೆ ಹಿಡಿದಿದ್ದರು. ಒಳಗಿನ ದ್ರವ ತಿಳಿನೀರಿನ ಹಾಗಿತ್ತು.

"ಅಲ್ಲಾಡಿಸಿದರೆ ಏನಾಗುತ್ತೆ?"

"ಪ್ರೋಟೀನು ಅದು. ನೊರೆ ಕಟ್ಟುತ್ತೆ, ಕೆಡುತ್ತೆ. ಬಿಸಿಯಾದರೂ ಅಷ್ಟೇ, ಸತ್ತ ಹಾಗೆ."

"ಉಪ್ಪುನೀರಿದ್ದರೆ?"

ಪ್ರೊಫೆಸರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಉತ್ತರ ಗೊತ್ತಿಲ್ಲ ಅಂತಲ್ಲ. ಈ ಪ್ರಶ್ನೆಯನ್ನು ಐದು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ, ಅಷ್ಟೆ.

"ಉಪ್ಪುನೀರಲ್ಲಿ ನೊರೆ ಬರಲ್ಲ," ಅಂದರು ಕೊನೆಗೆ.

"ಅಂದರೆ ಕಣ್ಣಿರೋ ಯಾರಿಗಾದರೂ ಯಾವುದು ಔಷಧಿ, ಯಾವುದು ನೀರು ಅಂತ ಗೊತ್ತಾಗಿಬಿಡುತ್ತೆ."

"ಯಾರು ಅಷ್ಟು ಗಮನಿಸ್ತಾರೆ ಮೇಡಂ?"

ಇನ್ಸ್‌ಪೆಕ್ಟರಮ್ಮ ಸೀಸೆಯನ್ನು ತಟ್ಟೆಯಲ್ಲಿಟ್ಟರು. ಔಷಧಿ ಕೋಣೆಯ ಫಾರ್ಮಸಿಸ್ಟ್ ಹಿಂಬದಿಯ ಮೆಟ್ಟಿಲ ಕೆಳಗೆ ತಲೆ ಒಡೆದುಕೊಂಡು ಬಿದ್ದು ಅಂದಿಗೆ ಒಂಬತ್ತು ದಿನ. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಕಾಲು ಜಾರಿದ್ದು ಅಂತ ಆಸ್ಪತ್ರೆ ಹೇಳುತ್ತಿತ್ತು. ಕಾಲು ಜಾರಿದವನ ಕೋಟಿನ ಕಾಲರು ಹಿಂದಿನಿಂದ ಹರಿದಿದ್ದು ಹೇಗೆ ಅಂತ ಕೇಳಿದರೆ ಮಾತ್ರ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತಿತ್ತು.

ಆ ಮಹಡಿಯಲ್ಲಿ ಹನ್ನೆರಡು ಮಕ್ಕಳನ್ನು ಸೇರಿಸಿಕೊಂಡಿದ್ದರು. ತಲೆಯೊಳಗೆ ನೀರು ತುಂಬಿ, ಅದರ ಒತ್ತಡಕ್ಕೆ ಮಿದುಳು ಅಂಚಿಗೆ ತಳ್ಳಿಸಿಕೊಂಡು ತೆಳ್ಳಗಾದ ಮಕ್ಕಳು. ಕೊಳವೆ ಹಾಕಿ ಆ ನೀರನ್ನು ಹೊಟ್ಟೆಗೆ ಇಳಿಸುವುದು ಹಳೆಯ ವಿದ್ಯೆ. ನೀರು ಇಳಿಯುತ್ತದೆ, ಹಾಳಾದದ್ದು ಹಾಳಾಗಿಯೇ ಉಳಿಯುತ್ತದೆ. ಹಾಳಾದದ್ದನ್ನು ಮತ್ತೆ ಚಿಗುರಿಸುವ ಆಸೆ ಪ್ರೊಫೆಸರದ್ದು. ಗ್ರೋತ್ ಫ್ಯಾಕ್ಟರ್ ಅಂತ ಕರೆಯುವ, ಜೀವಕೋಶಕ್ಕೆ 'ಬೆಳಿ' ಅಂತ ಹೇಳುವ ಪ್ರೋಟೀನನ್ನು ನೆತ್ತಿಯ ಚರ್ಮದ ಕೆಳಗೆ ಕೂರಿಸಿದ ಗುಂಡಿಯಂಥ ಬಿಲ್ಲೆಯ ಮೂಲಕ ವಾರಕ್ಕೊಂದು ಸಲ ಚುಚ್ಚುತ್ತಿದ್ದರು.

ಆರು ಮಕ್ಕಳಿಗೆ ಔಷಧಿ. ಇನ್ನಾರಕ್ಕೆ ಬರೀ ಉಪ್ಪುನೀರು, ಹೋಲಿಸಿ ನೋಡುವುದಕ್ಕೆ. ಯಾವ ಮಗುವಿಗೆ ಯಾವುದು ಅಂತ ತಾಯಂದಿರಿಗೆ ಗೊತ್ತಿಲ್ಲ, ನರ್ಸ್‌ಗೆ ಗೊತ್ತಿಲ್ಲ, ಪ್ರೊಫೆಸರಿಗೂ ಗೊತ್ತಿಲ್ಲ. ಸೀಸೆಯ ಮೇಲೆ ಮಗುವಿನ ನಂಬರು ಮಾತ್ರ. ಪೂರ್ತಿ ಪಟ್ಟಿ ಗೊತ್ತಿದ್ದದ್ದು ಫಾರ್ಮಸಿಸ್ಟ್ ಒಬ್ಬನಿಗೆ. ಅದರ ಒಂದು ಪ್ರತಿ ಅರಗು ಹಾಕಿದ ಲಕೋಟೆಯಲ್ಲಿ ಆಸ್ಪತ್ರೆಯ ಸಮಿತಿಯ ಕಪಾಟಿನಲ್ಲಿತ್ತು.

ಆ ಲಕೋಟೆಗಾಗಿ ಇನ್ಸ್‌ಪೆಕ್ಟರಮ್ಮ ಮೂರು ಅರ್ಜಿ ಕೊಟ್ಟಿದ್ದರು. ಮೊದಲನೆಯದು ಮೊಹರಿಲ್ಲ ಅಂತ ವಾಪಸ್ ಬಂತು. ಎರಡನೆಯದು ಮೊಹರು ಸಹಿಯ ಮೇಲೆ ಬಿದ್ದು ಸಹಿ ಕಾಣುತ್ತಿಲ್ಲ ಅಂತ ವಾಪಸ್ ಬಂತು. ಮೂರನೆಯದಕ್ಕೆ ಉತ್ತರ ಬಂತು: ಸಮಿತಿ ಮುಂದಿನ ತಿಂಗಳು ಸೇರುತ್ತದೆ. ಮೆಟ್ಟಿಲ ಮೇಲಿನ ಕ್ಯಾಮೆರಾವನ್ನು ಬಣ್ಣ ಬಳಿಯುವವರು ಗೋಡೆಯ ಕಡೆ ತಿರುಗಿಸಿದ್ದರು, ಮತ್ತೆ ತಿರುಗಿಸುವುದು ಯಾರ ಕೆಲಸ ಅಂತ ಇನ್ನೂ ತೀರ್ಮಾನವಾಗಿರಲಿಲ್ಲ. ಇದರ ಮೇಲೆ ಬೆಳಗ್ಗೆ ಮೇಲಧಿಕಾರಿಯ ಫೋನು: "ಜಾರಿ ಬಿದ್ದಿದ್ದು ಅಂತ ಬರೆದು ಮುಗಿಸ್ರೀ. ಕಲ್ಲಿನಿಂದ ನಾರು ತೆಗೀತೀರಾ?"

ಹನ್ನೊಂದು ವರ್ಷ ವಾಹನ ಕಳವು ವಿಭಾಗದಲ್ಲಿದ್ದವರು ಅವರು. ಬೈಕು ಕದ್ದವನು ಬೈಕು ಕದ್ದಿದ್ದಾನೆ, ಅದಕ್ಕೆ ಸಮಿತಿ ಬೇಕಾಗುವುದಿಲ್ಲ.

"ಹನ್ನೆರಡು ತಟ್ಟೆ ಇದಾವೆ. ನಾಲ್ಕನೇದು ಯಾಕೆ ಖಾಲಿ?" ಅಂತ ಕೇಳಿದರು.

"ಆ ಮಗುವನ್ನ ಅದರ ತಾಯಿ ಎರಡು ತಿಂಗಳ ಹಿಂದೆ ಕರ್ಕೊಂಡು ಹೋದರು. ಸಹಿ ಹಾಕಿಯೇ ಹೋದರು, ಅದು ಅವರ ಹಕ್ಕು."

"ಯಾಕೆ?"

"ಗುಣ ಕಾಣಲಿಲ್ಲ ಅಂತ."

"ಅದರ ಉಳಿದ ಸೀಸೆಗಳು?"

"ಫಾರ್ಮಸಿಸ್ಟ್ ನಾಶ ಮಾಡಿರಬೇಕು."

"ಮಾಡಿದ್ದಾನೆ ಅಂತ ಬರೆದಿದೆಯಾ?"

"ಮಾಡಿರಬೇಕು," ಅಂದರು ಪ್ರೊಫೆಸರ್, ಸ್ವಲ್ಪ ಸಣ್ಣ ದನಿಯಲ್ಲಿ.

ಪಕ್ಕದಲ್ಲಿ ನಿಂತಿದ್ದ ಪೇದೆ ಆ ಮಗುವಿನ ಕಡತ ತೆಗೆದು ಮೊದಲ ಪುಟ ಓದಿದ. ಗಂಡು, ಆರು ವರ್ಷ. ಕುಳಿತುಕೊಳ್ಳುತ್ತದೆ, ನಡೆಯುವುದಿಲ್ಲ. ಹುಟ್ಟಿದಾಗಿನಿಂದ ಒಂದು ಮಾತೂ ಆಡಿಲ್ಲ.

ಇನ್ಸ್‌ಪೆಕ್ಟರಮ್ಮ ಕೇಳಿಸಿಕೊಳ್ಳುತ್ತಲೇ ಸೀಸೆಗಳ ಮೇಲೆ ಬೆರಳಾಡಿಸುತ್ತಿದ್ದರು. ಕಳವಿನ ಬೈಕಿನ ಎಂಜಿನ್ ನಂಬರು ಉಜ್ಜಿ ಹೊಸದು ಕೆತ್ತಿದವನು ಎಷ್ಟೇ ಜಾಣನಾದರೂ ಉಜ್ಜಿದ ಜಾಗ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಒಂದು, ಎರಡು, ಮೂರು, ಐದು, ಆರು. ಲೇಬಲ್ ಎಲ್ಲ ನುಣ್ಣಗಿದ್ದವು.

ಏಳನೇ ತಟ್ಟೆಯಲ್ಲಿ ಬೆರಳು ನಿಂತಿತು.

ಆರಕ್ಕೆ ಆರು ಸೀಸೆಗಳ ಲೇಬಲ್ಲೂ ಮೂಲೆಯಲ್ಲಿ ಮುದುರಿದ್ದವು. ತಣ್ಣಗಿನ ಗಾಜಿನ ಮೇಲೆ ನೀರು ಕಟ್ಟಿದಾಗ ಅಂಟಿಸಿದ ಕಾಗದ ಹಾಗೆಯೇ ಮುದುರುತ್ತದೆ. ಒಂದು ಸೀಸೆಯನ್ನು ಕಣ್ಣಿನ ಹತ್ತಿರ ತಂದರು. ಲೇಬಲ್ಲಿನ ಕೆಳಗೆ, ಅಂಟಿನಲ್ಲಿ ಸಿಕ್ಕಿಕೊಂಡು, ಕೂದಲಿಗಿಂತ ಸ್ವಲ್ಪ ದಪ್ಪದ ಒಂದು ಎಳೆ ಇತ್ತು. ನೀಲಿ ನೂಲು.

"ಈ ಮಹಡಿಯಲ್ಲಿ ಹೊಲಿಯೋರು ಯಾರಿದಾರೆ?" ಅಂದರು.

ಪ್ರೊಫೆಸರಿಗೆ ಗೊತ್ತಿರಲಿಲ್ಲ. ಐದು ತಿಂಗಳಿಂದ ತಮ್ಮ ಬಿಳಿ ಕೋಟಿನ ಗುಂಡಿಗಳನ್ನು ಹಾಕಿಕೊಡುತ್ತಿದ್ದವಳು ಯಾರು ಅಂತ ಅವರು ಕೇಳಿರಲೇ ಇಲ್ಲ.

ಪೇದೆಗೆ ಗೊತ್ತಿತ್ತು. "ಏಳನೇ ಮಗುವಿನ ತಾಯಿ, ಮೇಡಂ. ದರ್ಜಿ ಕೆಲಸದವಳು. ಮಗಳ ಹತ್ತಿರವೇ ಇರ್ತೀನಿ ಅಂತ ಕೇಳಿಕೊಂಡಳಂತೆ. ವಾರ್ಡಿನ ಸಿಸ್ಟರು ಬಟ್ಟೆ ಕೋಣೆಯಲ್ಲಿ ಒಂದು ಮೆಷಿನ್ ಹಾಕಿಸಿಕೊಟ್ಟಿದ್ದಾರೆ. ಹರಿದ ಹಾಸಿಗೆ ಬಟ್ಟೆ, ಕೋಟು, ಎಲ್ಲ ಅವಳೇ ಹೊಲಿಯೋದು."

ಬಟ್ಟೆ ಕೋಣೆ ವಾರ್ಡಿನ ತುದಿಯಲ್ಲಿತ್ತು. ಗೋಡೆಯುದ್ದಕ್ಕೂ ಮಡಚಿಟ್ಟ ಬಿಳಿ ಬಟ್ಟೆಯ ರಾಶಿ, ನಡುವೆ ಹೊಲಿಗೆ ಮೆಷಿನ್, ಮೂಲೆಯಲ್ಲಿ ಆವಿ ಬಿಡುವ ಇಸ್ತ್ರಿಪೆಟ್ಟಿಗೆ. ನೆಲದ ಮೇಲೆ ಚಾಪೆ ಹಾಸಿ ಹುಡುಗಿಯೊಬ್ಬಳನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಆರೇಳು ವರ್ಷ, ನೆತ್ತಿಯನ್ನು ಮುಚ್ಚುವ ಹತ್ತಿಯ ಟೋಪಿ. ಎದುರಿಗೆ ಒಂದು ತಟ್ಟೆ ತುಂಬ ಬಣ್ಣದ ಗುಂಡಿಗಳು.

ತಾಯಿ ಮೆಷಿನ್ನಿಂದ ತಲೆ ಎತ್ತಿದಳು. ವಯಸ್ಸು ಮೂವತ್ತರ ಆಸುಪಾಸು. ಬಾಯಲ್ಲಿ ಕಚ್ಚಿಕೊಂಡಿದ್ದ ಸೂಜಿಯನ್ನು ತೆಗೆದು ಸೆರಗಿಗೆ ಚುಚ್ಚಿದಳು.

"ಕೂತ್ಕೊಳ್ಳಿ ಅಮ್ಮಾ," ಅಂದಳು. ಕೂರಲು ಸ್ಟೂಲು ಒಂದೇ ಇತ್ತು, ಅದರ ಮೇಲೆ ಅವಳೇ ಕೂತಿದ್ದಳು.

ಇನ್ಸ್‌ಪೆಕ್ಟರಮ್ಮ ಚಾಪೆಯ ಅಂಚಿನಲ್ಲಿ ಕೂತರು. ಮೊಣಕಾಲು ಲಟಕ್ ಅಂದಿತು. ಹುಡುಗಿ ಆ ಸದ್ದಿಗೆ ನಕ್ಕಳು.

"ನೀಲಿ ದಾರ ಇದೆಯೇನಮ್ಮ ನಿನ್ನ ಹತ್ತಿರ?"

"ಇದೆ."

"ಆ ದಾರ ಸೀಸೆ ಲೇಬಲ್ ಕೆಳಗೆ ಹೇಗೆ ಹೋಯಿತು?"

ತಾಯಿಯ ಕಾಲು ಮೆಷಿನ್ನಿನ ಪೆಡಲಿನ ಮೇಲೆ ಒಂದೆರಡು ಸಲ ಆಡಿತು, ದಾರವಿಲ್ಲದ ಸೂಜಿ ಬರಿದೇ ಮೇಲೆ ಕೆಳಗೆ ಕುಣಿಯಿತು.

"ಒಂಬತ್ತು ದಿನದಿಂದ ಈ ಮಹಡಿಯಲ್ಲಿ ಗೋಡೆಗೆ ತಲೆ ಚಚ್ಕೊಳ್ತಿದ್ದೀನಿ," ಅಂದರು ಇನ್ಸ್‌ಪೆಕ್ಟರಮ್ಮ. "ಒಬ್ಬರಾದರೂ ನೆಟ್ಟಗೆ ಒಂದು ಮಾತು ಹೇಳಿಲ್ಲ. ನೀನಾದರೂ ಹೇಳು ತಾಯಿ."

"ಸಿಸ್ಟರು ಮದ್ದನ್ನ ಸೂಜಿಗೆ ಎಳೆಯೋದು ನೋಡ್ತಿದ್ದೆ," ಅಂದಳು ಅವಳು. "ನಾನು ನೋಡದೆ ಬಿಡಲ್ಲ ಅಮ್ಮಾ. ಹೊಲಿಗೆಯವಳ ಕಣ್ಣು. ನಾಲ್ಕನೇ ಮಗುವಿನ ಸೀಸೆ ತಂದಾಗ ಒಂದು ಗಳಿಗೆ ಮೇಜಿನ ಮೇಲಿಡ್ತಿದ್ದರು. ನೊರೆ ಇಳೀಲಿ ಅಂತ. ನನ್ನ ಮಗಳದ್ದು ಬಂದರೆ ತಕ್ಷಣ ಎಳೆದುಬಿಡ್ತಿದ್ದರು. ಮೂರು ವಾರ ನೋಡಿದೆ. ನನ್ನ ಮಗಳ ಸೀಸೆಯಲ್ಲಿ ಒಂದು ಸಲವೂ ನೊರೆ ಬರಲಿಲ್ಲ."

"ಅದು ಉಪ್ಪುನೀರು ಅಂತ ಗೊತ್ತಾಯ್ತು."

"ಗೊತ್ತಾಯ್ತು. ಫಾರ್ಮಸಿ ಅಣ್ಣನ ಹತ್ತಿರ ಹೋದೆ. ಕಾಲಿಗೆ ಬೀಳೋದೊಂದು ಬಾಕಿ. ಕೊಡಬೇಕು ಅಂದರೂ ನನ್ನ ಕೈಲಿಲ್ಲ ಅಕ್ಕಾ, ನಿಯಮ ಅಂದರು. ತಲೆಯಲ್ಲಿ ನೀರು ತುಂಬೋವಾಗ ನಿಯಮ ಕೇಳಿಕೊಂಡು ತುಂಬಿತಾ?"

ಅವಳ ದನಿ ಏರಲಿಲ್ಲ. ಹೇಳಿ ಹೇಳಿ ಸವೆದುಹೋದ ಮಾತಿನ ಹಾಗಿತ್ತು.

"ಆಮೇಲೆ?"

"ಆ ವಾರವೇ ಅವರ ಕೋಟು ಹೊಲಿಗೆಗೆ ಬಂತು. ಜೇಬು ಹರಿದಿತ್ತು. ಒಳಗೆ ಫ್ರಿಜ್ಜಿನ ಕೀಲಿ ಇತ್ತು. ಊಟದ ಹೊತ್ತಲ್ಲಿ ಔಷಧಿ ಕೋಣೆಯಲ್ಲಿ ಯಾರೂ ಇರಲ್ಲ. ನಾಲ್ಕರ ಸೀಸೆಗಳು, ಏಳರ ಸೀಸೆಗಳು ಎಲ್ಲವನ್ನೂ ಇಲ್ಲಿಗೆ ತಂದು ಇಸ್ತ್ರಿಪೆಟ್ಟಿಗೆ ಆವಿಗೆ ಹಿಡಿದು ಲೇಬಲ್ ಬಿಡಿಸಿದೆ. ಅದಕ್ಕೆ ಇದು, ಇದಕ್ಕೆ ಅದು. ಅರ್ಧ ಗಂಟೆ ಹಿಡೀತು. ಕೀಲಿ ಮತ್ತೆ ಜೇಬಿಗೆ ಹಾಕಿ, ಜೇಬು ಹೊಲಿದು ಕೊಟ್ಟೆ."

ಬಾಗಿಲ ಬಳಿ ನಿಂತಿದ್ದ ಪೇದೆ ಬರೆಯುವುದನ್ನು ನಿಲ್ಲಿಸಿ ಇಸ್ತ್ರಿಪೆಟ್ಟಿಗೆಯನ್ನೇ ನೋಡಿದ.

ಬಿಸಿಯಾದರೂ ಅಷ್ಟೇ, ಸತ್ತ ಹಾಗೆ ಅಂತ ಪ್ರೊಫೆಸರ್ ಹೇಳಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಅದನ್ನು ಈ ಹೆಂಗಸಿಗೆ ಹೇಳಲು ಇನ್ಸ್‌ಪೆಕ್ಟರಮ್ಮನ ನಾಲಿಗೆ ಏಳಲಿಲ್ಲ.

"ಮಗಳು ಸುಧಾರಿಸಿದ್ದಾಳಾ?"

"ನೋಡಿ," ಅಂದಳು ತಾಯಿ. "ಪುಟ್ಟೀ, ಈ ಅಮ್ಮನಿಗೆ ಕೆಂಪು ಗುಂಡಿ ಕೊಡು."

ಹುಡುಗಿ ತಟ್ಟೆಯ ಕಡೆ ಕೈ ಚಾಚಿದಳು. ಬೆರಳುಗಳು ಒಟ್ಟಿಗೆ ಸೇರಲಿಲ್ಲ. ಗುಂಡಿ ಜಾರಿತು. ಮತ್ತೆ ಚಾಚಿದಳು, ಮತ್ತೆ ಜಾರಿತು. ಮೂರನೇ ಸಲ ಅಂಗೈಯನ್ನೇ ಗುಂಡಿಯ ಮೇಲೆ ಒತ್ತಿ ಹಿಡಿದು, ಇದು ಸಾಕಲ್ಲ ಎನ್ನುವ ಹಾಗೆ ಮುಖ ನೋಡಿದಳು.

"ಮೊದಲು ಕೈಯನ್ನೇ ಚಾಚ್ತಿರಲಿಲ್ಲ," ಅಂದಳು ತಾಯಿ. "ವ್ಯಾಯಾಮ ಮಾಡಿಸೋರು ಅವರ ಪಟ್ಟಿಯಲ್ಲಿ 'ಬದಲಾವಣೆ ಇಲ್ಲ' ಅಂತಲೇ ಬರೀತಾರೆ. ಅವರು ಬರೋದು ವಾರಕ್ಕೆ ಎರಡು ಸಲ. ನಾನು ದಿನಾ ನೋಡೋಳು."

"ಆ ನಾಲ್ಕನೇ ಮಗುವಿನ ತಾಯಿಯೂ ದಿನಾ ನೋಡ್ತಿದ್ದಳಲ್ಲ."

ತಾಯಿ ಬಗ್ಗಿ ಮಗಳ ಅಂಗೈ ಕೆಳಗಿನ ಗುಂಡಿಯನ್ನು ತೆಗೆದು ತಟ್ಟೆಗೆ ಹಾಕಿದಳು.

"ನನ್ನ ಪಕ್ಕದ ಹಾಸಿಗೆಯೇ ಅವಳದ್ದು," ಅಂದಳು. "ನನ್ನ ಮಗಳಿಗೆ ಜ್ವರ ಬಂದ ರಾತ್ರಿ ನನ್ನ ಬದಲು ಅವಳು ಎದ್ದು ಕೂತಿದ್ದಳು. ಮಗುವಿಗೆ ಏನೂ ಆಗ್ತಿಲ್ಲ ಅಕ್ಕಾ, ಕರ್ಕೊಂಡು ಹೋಗ್ತೀನಿ ಅಂದಾಗ ನಾನೇ ಅವಳ ಬಟ್ಟೆ ಮಡಚಿಕೊಟ್ಟೆ. ಬಾಯಿ ಬಿಡಲಿಲ್ಲ. ನನ್ನನ್ನ ಏನು ಬೇಕಾದರೂ ಮಾಡಿ ಅಮ್ಮಾ. ಫಾರ್ಮಸಿ ಅಣ್ಣನನ್ನ ಮಾತ್ರ ನಾನು ತಳ್ಳಲಿಲ್ಲ."

"ಅವನಿಗೆ ಇದು ಗೊತ್ತಾಗಿತ್ತಾ?"

"ಗೊತ್ತಾಗಿತ್ತು. ಬಿದ್ದ ದಿನ ಮಧ್ಯಾಹ್ನ ನನ್ನನ್ನ ಆ ಮೆಟ್ಟಿಲ ಹತ್ತಿರ ಕರೆದರು. ಬೈತಾರೆ, ಪೊಲೀಸಿಗೆ ಹೇಳ್ತಾರೆ ಅಂದ್ಕೊಂಡೆ. ಬೈಯಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತರು. 'ನೀವು ಎಷ್ಟು ಬದಲಾಯಿಸಿದರೂ ಒಂದೇ ಅಕ್ಕಾ. ಇಲ್ಲಿ ಯಾರಿಗೂ ಏನೂ ಸಿಗ್ತಿಲ್ಲ' ಅಂದರು."

"ಹಾಗಂದರೆ?"

"ನನಗೂ ಅರ್ಥ ಆಗಲಿಲ್ಲ. ಕೇಳೋಣ ಅಂದರೆ ಕೆಳಗಿನಿಂದ ಯಾರೋ ಮೆಟ್ಟಿಲು ಹತ್ತಿ ಬರೋ ಸದ್ದಾಯ್ತು. ನೀವು ಹೋಗಿ ಅಕ್ಕಾ, ಇವರ ಹತ್ತಿರ ಮಾತಾಡೋದಿದೆ ಅಂದರು. ನಾನು ಬಂದುಬಿಟ್ಟೆ."

"ಯಾರು ಬಂದದ್ದು?"

"ತಿರುಗಿ ನೋಡಲಿಲ್ಲ ಅಮ್ಮಾ. ತಪ್ಪು ಮಾಡಿದೋಳು, ಮುಖ ತಪ್ಪಿಸಿಕೊಂಡು ಬಂದೆ. ಅದೊಂದು ಸಲ ನೋಡಬೇಕಿತ್ತು, ನೋಡಲಿಲ್ಲ."

ಇನ್ಸ್‌ಪೆಕ್ಟರಮ್ಮನಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಹೊಲಿಗೆಯ ಕಣ್ಣಿಗೆ ಮೂರು ವಾರದ ನೊರೆ ಕಂಡಿತ್ತು. ಬೆನ್ನ ಹಿಂದೆಯೇ ಬಂದ ಮನುಷ್ಯ ಕಾಣದೆ ಹೋಗಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಚಾಪೆಯಿಂದ ಏಳಲು ಮೆಷಿನ್ನಿನ ಕಾಲು ಹಿಡಿಯಬೇಕಾಯಿತು. "ಎಲ್ಲೂ ಹೋಗಬೇಡ," ಅಂದರು.

"ಮಗಳನ್ನ ಬಿಟ್ಟು ಎಲ್ಲಿಗೆ ಹೋಗಲಿ?"

ಅವರು ಹೊರಗಿನ ಹಜಾರಕ್ಕೆ ಬರುವಷ್ಟರಲ್ಲಿ ಫೋನು ಬಂತು. ಊರಾಚೆಯ ಪ್ರಯೋಗಾಲಯದ ಕೆಮಿಸ್ಟು. ನಾಲ್ಕು ದಿನದ ಹಿಂದೆ ಪ್ರೊಫೆಸರಿಗೆ ತಿಳಿಸದೆ, ಕೈಗೆ ಸಿಕ್ಕಂತೆ, ಏಳನೇ ನಂಬರಿನದೊಂದು, ಎರಡನೇ ನಂಬರಿನದೊಂದು ಸೀಸೆಯನ್ನು ಇನ್ಸ್‌ಪೆಕ್ಟರಮ್ಮ ಅಲ್ಲಿಗೆ ಕಳಿಸಿದ್ದರು. ಎರಡರಲ್ಲೂ ನೊರೆ ಬಂತಂತೆ.

"ಎರಡರಲ್ಲೂ ಪ್ರೋಟೀನು ಇದೆ ಮೇಡಂ," ಅಂದ ಕೆಮಿಸ್ಟು. "ಆದರೆ ನೀವು ಬರೆದುಕೊಟ್ಟ ಗ್ರೋತ್ ಫ್ಯಾಕ್ಟರ್ ಎರಡರಲ್ಲೂ ಇಲ್ಲ. ಒಂದು ತೊಟ್ಟೂ ಇಲ್ಲ. ಇರೋದು ಆಲ್ಬುಮಿನ್. ಎಲ್ಲರ ರಕ್ತದಲ್ಲೂ ಇರುತ್ತಲ್ಲ, ಅದು. ಅಲ್ಲಾಡಿಸಿದರೆ ನೊರೆ ಬರುತ್ತೆ, ಮತ್ತೇನೂ ಮಾಡಲ್ಲ."

"ಬಿಸಿ ತಗುಲಿ ಕೆಟ್ಟಿರಬಹುದಾ?"

"ಕೆಟ್ಟರೂ ಕುರುಹು ಇರುತ್ತೆ. ಇದರಲ್ಲಿ ಅದು ಯಾವತ್ತೂ ಇರಲೇ ಇಲ್ಲ."

ಇನ್ಸ್‌ಪೆಕ್ಟರಮ್ಮ ಗೋಡೆಗೆ ಒರಗಿದರು. ಯಾರಿಗೂ ಏನೂ ಸಿಗ್ತಿಲ್ಲ. ಫಾರ್ಮಸಿಸ್ಟ್ ಹೇಳಿದ್ದು ಇದನ್ನೇ. ನಿಜವಾದ ಔಷಧಿಯನ್ನು ಯಾರೋ ತೆಗೆದಿಟ್ಟುಕೊಂಡಿದ್ದರು. ನೊರೆ ನೋಡಿದವರು ಅನುಮಾನ ಪಡಬಾರದು ಅಂತ ಅದರ ಜಾಗಕ್ಕೆ ನೊರೆ ಬರುವ ಇನ್ನೊಂದನ್ನು ತುಂಬಿದ್ದರು.

"ಒಂದು ವಿಷಯ ಮೇಡಂ," ಅಂದ ಕೆಮಿಸ್ಟು. "ಇದೇ ಪರೀಕ್ಷೆ ನಾವು ಹಿಂದಿನ ವಾರವೂ ಮಾಡಿದ್ದೀವಿ. ಅದೇ ಆಸ್ಪತ್ರೆಯ ಫಾರ್ಮಸಿಸ್ಟ್ ತಂದಿದ್ದರು. ಉತ್ತರವೂ ಇದೇ. ಫೋನಲ್ಲಿ ಅವರಿಗೆ ಹೇಳಿದ್ದೆ, ಬರವಣಿಗೆಯಲ್ಲಿ ಬೇಕು ಅಂದರು."

"ವರದಿ ಎಲ್ಲಿದೆ?"

"ತಗೊಂಡು ಹೋದರಲ್ಲ. ಎಂಟು ದಿನದ ಹಿಂದೆ, ಬೆಳಗ್ಗೆ ಹನ್ನೊಂದಕ್ಕೆ."

"ಎಂಟು ದಿನದ ಹಿಂದೆ ಅವನಿಗೆ ಪ್ರಜ್ಞೆಯೇ ಇರಲಿಲ್ಲ."

"ಅವರಲ್ಲ, ಅವರ ಹೆಂಡತಿ. ನಾವು ಕೊಟ್ಟ ರಸೀದಿ ಅವರ ಹತ್ತಿರವೇ ಇತ್ತು. ಪುಸ್ತಕದಲ್ಲಿ ಸಹಿ ಹಾಕಿ ಫೋನ್ ನಂಬರೂ ಬರೆದಿದ್ದಾರೆ."

ಪೇದೆ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಅವನಿಗೆ ಮದುವೆಯೇ ಆಗಿಲ್ಲ ಮೇಡಂ. ಅವನ ತಾಯಿ ನನ್ನ ಹತ್ತಿರ ಅರ್ಧ ಗಂಟೆ ಅದನ್ನೇ ಹೇಳ್ಕೊಂಡು ಅತ್ತರು."

ಕೆಮಿಸ್ಟು ಓದಿದ ನಂಬರನ್ನು ಇನ್ಸ್‌ಪೆಕ್ಟರಮ್ಮ ಅಂಗೈ ಮೇಲೆ ಬರೆದುಕೊಂಡರು. ಸುಳ್ಳು ನಂಬರೇ ಇರಬೇಕು. ಈ ಒಂಬತ್ತು ದಿನದಲ್ಲಿ ನೆಟ್ಟಗಿದ್ದದ್ದು ಏನಿತ್ತು? ಆದರೂ ಒತ್ತಿದರು.

ಐದು ಸಲ ರಿಂಗಾಯಿತು. ಆರನೇ ಸಲಕ್ಕೆ ಯಾರೋ ಎತ್ತಿದರು.

"ಹ...ಲೋ."

ಮಗುವಿನ ದನಿ. ಒಂದೊಂದು ಅಕ್ಷರವನ್ನೂ ತಡವಿ ಹುಡುಕಿ ಎತ್ತಿಟ್ಟ ಹಾಗೆ ನಿಧಾನ.

"ಅಮ್ಮ ಇದ್ದಾರಾ ಮರಿ?"

"ಅಮ್ಮ... ನೀರು... ತರ್ತಾಳೆ."

"ನಿನ್ನ ಹೆಸರೇನು?"

"ನಾಲ್ಕು."

"ವಯಸ್ಸಲ್ಲ ಕಂದಾ, ಹೆಸರು."

"ನಾಲ್ಕು," ಅಂದಿತು ಮಗು, ದೊಡ್ಡವರಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎನ್ನುವ ಹಾಗೆ. "ನಾನು... ನಾಲ್ಕು."

ಇನ್ಸ್‌ಪೆಕ್ಟರಮ್ಮ ಪೇದೆಯ ಕಂಕುಳಲ್ಲಿದ್ದ ಕಡತದ ಕಡೆ ಕೈ ತೋರಿಸಿದರು. ಅವನು ತೆಗೆದು ಮೊದಲ ಪುಟ ಹಿಡಿದ. ಹುಟ್ಟಿದಾಗಿನಿಂದ ಒಂದು ಮಾತೂ ಆಡಿಲ್ಲ. ಕೆಳಗೆ ಪ್ರೊಫೆಸರ ಸಹಿ, ಎರಡು ತಿಂಗಳ ಹಿಂದಿನ ತಾರೀಖು.

ಕಳವಾದ ಔಷಧಿ ಯಾರಿಗೆ ಸಿಕ್ಕಿತ್ತು ಅಂತ ಕಿವಿಯಲ್ಲೇ ಕೇಳಿಸುತ್ತಿತ್ತು. ಅವರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಉಸಿರು ಬಿಟ್ಟರೆ ಮಗು ಹೆದರೀತು ಅನ್ನಿಸಿತು.

"ನಾಲ್ಕೂ, ನಿನಗೆ ಮಾತಾಡೋಕೆ ಯಾರು ಕಲಿಸಿದ್ದು?"

"ಸೂಜಿ... ಮಾಮ."

"ಎಲ್ಲಿದ್ದಾರೆ ಅವರು? ಆಸ್ಪತ್ರೆಯಲ್ಲಿ ಮಲಗಿದ್ದಾರಾ?"

"ಊಹೂಂ." ಆ ಕಡೆ ಬಾಗಿಲ ಚಿಲಕ ತೆಗೆದ ಸದ್ದು ಕೇಳಿಸಿತು. ಮಗುವಿನ ದನಿ ಖುಷಿಯಲ್ಲಿ ಒಂದು ಮೆಟ್ಟಿಲು ಏರಿತು. "ಮಾಮ... ಬಂದ್ರು."

ಫೋನ್ ಕಟ್ಟಾಯಿತು.